ನೇಪಾಳಿ ಮಾತಿಗೆ ಇಂಗ್ಲಿಷ್ ಅಳತೆ ಬೇಡ

‘ಆರೋಗ್ಯವಂತ ವಯಸ್ಕರು ನಿಮಿಷಕ್ಕೆ 150 ಪದ ಆಡಬೇಕು, ನೇಪಾಳಿಗರು ಅಷ್ಟು ಆಡುವುದಿಲ್ಲ, ಅವರ ಮಾತು ನಿಧಾನ’ ಎಂಬ ಸಂದೇಶ ಹರಿದಾಡುತ್ತಿದೆ. ಈ ತೀರ್ಮಾನ ತಪ್ಪು.

150ರ ಲೆಕ್ಕ ಇಂಗ್ಲಿಷಿನದು. ನೇಪಾಳಿಯಲ್ಲಿ ವಿಭಕ್ತಿ ಪದಕ್ಕೇ ಅಂಟಿಕೊಳ್ಳುತ್ತದೆ, ನಮ್ಮ ಕನ್ನಡದ ಹಾಗೆ. ‘ಘರ್‌ಮಾ’ ಅಂದರೆ ಮನೆಯಲ್ಲಿ, ಒಂದೇ ಪದ. ಇಂಗ್ಲಿಷಿಗೆ ‘ಇನ್ ದ ಹೌಸ್’ ಎಂದು ಮೂರು ಬೇಕು. ಪದ ಎಣಿಸಿದರೆ ನೇಪಾಳಿಯ ಅಂಕಿ ಇಳಿಯುವುದು ಸಹಜ ಅಲ್ವಾ? ಅದಕ್ಕೇ ವಾಕ್ ತಜ್ಞರು ನಿಮಿಷಕ್ಕೆ ಎಷ್ಟು ಉಚ್ಚಾರಾಂಶ (‘ಘರ್‌ಮಾ’ದಲ್ಲಿ ಘರ್, ಮಾ ಎಂದು ಎರಡು) ಎಂದೂ ಎಣಿಸುತ್ತಾರೆ. ಮಾತಿನ ನಡುವಿನ ಮೌನವನ್ನು ತೆಗೆದು ಲೆಕ್ಕ ಹಾಕಿದರೆ ವೇಗ ಜಾಸ್ತಿ ಬರುತ್ತದೆ, ಸೇರಿಸಿದರೆ ಕಡಿಮೆ. ಗಟ್ಟಿಯಾಗಿ ಓದುವ ವೇಗವನ್ನು ಬೇರೆಯಾಗಿಯೇ ಅಳೆಯಬೇಕು.

ಇನ್ನೂ ಒಂದಿದೆ. 2021ರ ಜನಗಣತಿಯ ಪ್ರಕಾರ ನೇಪಾಳದಲ್ಲಿ 124 ಮಾತೃಭಾಷೆಗಳಿವೆ. ನೇಪಾಳಿ ಮನೆಮಾತಾಗಿರುವವರು ಸುಮಾರು ಶೇ 45 ಮಾತ್ರ. ಮೈಥಿಲಿ, ತಮಾಂಗ್ ಮನೆಮಾತಿನವರು ನೇಪಾಳಿ ಓದುವಾಗ ತಡೆದು ಓದಿದರೆ ಅದನ್ನು ಸುಮ್ನೆ ದೋಷ ಎನ್ನುವುದು ಅನ್ಯಾಯ. ಉಗ್ಗು ಇರುವವರನ್ನು, ಪಾರ್ಶ್ವವಾಯುವಿನಿಂದ ಮಾತು ಕುಂದಿದವರನ್ನು ಪರೀಕ್ಷಿಸುವಾಗಲೂ ನೇಪಾಳಿ ಆಡುವ ವಯಸ್ಕರಿಂದಲೇ ಪಡೆದ ಅಳತೆಗೆ ಹೋಲಿಸಬೇಕು.