ಚೆಕ್ಸ್ ಮಿಕ್ಸ್ ಹುಟ್ಟಿದ್ದು ಅಡುಗೆಮನೆಯಲ್ಲಿ

ಚೆಕ್ಸ್ ಮಿಕ್ಸ್ ಅಂದರೆ ಸೀರಿಯಲ್, ಪ್ರೆಟ್ಜೆಲ್, ಬೀಜ ಬೆರೆಸಿದ ಕುರುಕಲು ತಿಂಡಿ. ಅದು ಪ್ಯಾಕೆಟ್ ತಿಂಡಿಯಾಗಿಯೇ ಶುರುವಾಯಿತು ಅಂತ ಅನ್ನಿಸಬಹುದು. ಹಾಗಲ್ಲ. ಅಮೆರಿಕದಲ್ಲಿ ಇದಕ್ಕೆ ಹಾಕುವ ಚೆಕ್ಸ್ ಎಂಬ ಜಾಲರಿ ಚೌಕದ ಸೀರಿಯಲ್ (ಹಾಲಿಗೆ ಹಾಕಿ ತಿನ್ನುವ ಬೆಳಗಿನ ತಿಂಡಿ) 1937ರಲ್ಲಿ ಬಂತು. 1950ರ ದಶಕದ ಶುರುವಿನಲ್ಲಿ ಕಂಪನಿಯೇ ಪಾರ್ಟಿ ಮಿಕ್ಸ್ ರೆಸಿಪಿ ಕೊಟ್ಟಿತು, ಜನ ಮನೆಯಲ್ಲೇ ಮಾಡಿಕೊಂಡರು. ರೆಡಿ ಪ್ಯಾಕೆಟ್ 1980ರ ದಶಕದ್ದು.

ರುಚಿಯ ಗುಟ್ಟು ವೂಸ್ಟರ್‌ಶೈರ್ ಸಾಸ್ ಎಂಬ ಹುಳಿ-ಉಪ್ಪಿನ ಕಂದು ಸಾಸ್. ಕರಗಿಸಿದ ಬೆಣ್ಣೆಗೆ ಅದನ್ನು ಬೆರೆಸಿ, ಸೀರಿಯಲ್, ಪ್ರೆಟ್ಜೆಲ್ (ಗರಿಗರಿ ಉಪ್ಪು ಬಿಸ್ಕತ್ತು), ಬೀಜಗಳಿಗೆ ಹಚ್ಚಿ, 250 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಒಂದು ಗಂಟೆ ಓವನ್ನಿನಲ್ಲಿಡಬೇಕು. 15 ನಿಮಿಷಕ್ಕೊಮ್ಮೆ ಕೈಯಾಡಿಸಲೇಬೇಕು. ನಾನೊಮ್ಮೆ ಟಿವಿ ನೋಡ್ತಾ ಮರೆತೆ: ಅಂಚೆಲ್ಲಾ ಕರಕಲು, ನಡುವೆ ಮೆತ್ತಗೆ! ನಮ್ಮ ಅವಲಕ್ಕಿ ಚೂಡಾ ಹುರಿಯುವಾಗಲೂ ಇದೇ ಕಾಟ ಅಲ್ವಾ?

ಇದೇ ಸೀರಿಯಲ್‌ಗೆ ಚಾಕೊಲೇಟ್, ಪೀನಟ್ ಬಟರ್, ಸಕ್ಕರೆ ಪುಡಿ ಹಚ್ಚಿ ಮಾಡುವ ಸಿಹಿ ತಿಂಡಿ 'ಪಪ್ಪಿ ಚೌ' ಮಾತ್ರ ನನಗೆ ಸೇರಲ್ಲ. ಬಾಯಿಗಿಂತ ಅಂಗಿಗೇ ಜಾಸ್ತಿ ಹೋಗುತ್ತದೆ.