28 ಸಾವಿರದ ಫೋನು, ಸಾವಿರದ ಕಿವಿ

ಹೊಟ್ಟೆ ಉರೀತಿದೆ, ಬರೆದೇ ಬಿಡ್ತೀನಿ.

ಹೋದ ತಿಂಗಳು ಫೋನ್ ಬದಲಾಯಿಸಿದೆ. ಹಳೇದು ಕೆಟ್ಟಿರಲಿಲ್ಲ. ಕತ್ತಿಗೆ ನೇತುಹಾಕ್ಕೊಳ್ಳೋ ಬ್ಲೂಟೂತ್ ಇಯರ್‌ಫೋನಲ್ಲಿ, ಅದೇ ನೆಕ್‌ಬ್ಯಾಂಡಲ್ಲಿ, ಮಲ್ಲಿಕಾರ್ಜುನ ಮನ್ಸೂರರ ಹಾಡು ಹಾಕಿದ್ರೆ ಹಿಂದಿನ ತಂಬೂರಿ ಕಾದ ಕಾವಲಿ ಮೇಲೆ ನೀರು ಚಿಮುಕಿಸಿದ ಹಾಗೆ ಚುಂಯ್ ಅಂತಿತ್ತು, ತಬಲಾದ ಡಗ್ಗಾ ಗುಂಯ್ ಅಂತ ಎಲ್ಲಾನೂ ನುಂಗ್ತಿತ್ತು. ಫೋನಿಂದೇ ತಪ್ಪು ಅಂದ್ಕೊಂಡೆ. ಅಂಗಡಿ ಹುಡುಗನೂ 'ಹೌದು ಸಾರ್, ಹೊಸ ಫೋನಲ್ಲಿ ಸೌಂಡ್ ಬೇರೆ ಲೆವೆಲ್' ಅಂದ. 28 ಸಾವಿರ ಎಣಿಸಿ ಮನೆಗೆ ಬಂದು, ಅದೇ ಸಾವಿರ ರೂಪಾಯಿ ನೆಕ್‌ಬ್ಯಾಂಡ್ ಜೋಡಿಸಿ ಅದೇ ಹಾಡು ಹಾಕಿದೆ. ಅದೇ ಚುಂಯ್. ಅದೇ ಗುಂಯ್.

ಆಗಬೇಕಾದ್ದೇ ಅಂತೆ. ವೈರ್ ಇದ್ದ ಕಾಲದಲ್ಲಿ ಫೈಲಿನ ಅಂಕಿಗಳನ್ನ ದನಿಯಾಗಿ ತಿರುಗಿಸೋ ಡ್ಯಾಕ್ ಚಿಪ್ಪೂ, ಆ ದನಿಗೆ ಬಲ ಕೊಡೋ ಆಂಪ್ಲಿಫೈಯರೂ ಫೋನೊಳಗೇ ಇರ್ತಿದ್ವು. ಬ್ಲೂಟೂತ್‌ನಲ್ಲಿ ಫೋನು ಬರೀ ಅಂಚೆಯವನು, ಅಂಕಿಗಳನ್ನ ತಲುಪಿಸಿ ಕೈ ತೊಳ್ಕೊಳ್ಳುತ್ತೆ. ಮಿಕ್ಕಿದ್ದೆಲ್ಲಾ ಕತ್ತಿಗೆ ನೇತುಬಿದ್ದ ಆ ಪ್ಲಾಸ್ಟಿಕ್ಕಿನೊಳಗೆ. ಫೋನಿನ ಡಬ್ಬಿ ಮೇಲೆ ಬರೆದಿದ್ದ ಸೌಂಡ್ ಮಹಿಮೆಗೂ ನನ್ನ ಕಿವಿಗೂ ಸಂಬಂಧವೇ ಇಲ್ಲ! ಇದನ್ನ ದುಡ್ಡು ಎಣಿಸೋ ಮುಂಚೆ ಒಬ್ಬರಾದ್ರೂ ಬಾಯಿಬಿಟ್ಟು ಹೇಳಬಾರದಾ?

ಅಂಕಿ ಕಳಿಸೋದಾದ್ರೂ ನೆಟ್ಟಗೆ ಕಳಿಸುತ್ತಾ? ಫೋನಿನ ಸೆಟ್ಟಿಂಗ್ಸಲ್ಲಿ ಬಿಲ್ಡ್ ನಂಬರ್ ಮೇಲೆ ಏಳು ಸಲ ಕುಟ್ಟಿ, ಬಚ್ಚಿಟ್ಟಿರೋ ಡೆವಲಪರ್ ಆಪ್ಶನ್ಸ್ ತೆಗೆದು, ಬ್ಲೂಟೂತ್ ಕೋಡೆಕ್, ಅಂದ್ರೆ ಹಾಡಿನ ಅಂಕಿಗಳನ್ನ ಹಿಂಡಿ ಚಿಕ್ಕದು ಮಾಡಿ ಕಳಿಸೋ ವಿಧಾನ, ಯಾವುದು ಅಂತ ನೋಡಿದೆ. ಎಸ್‌ಬಿಸಿ. ಎಲ್ಲರೂ ಇಡಲೇಬೇಕು ಅಂತ ನಿಯಮ ಇರೋ ಕಟ್ಟಕಡೆಯ ಕೋಡೆಕ್. ಸಿಡಿಯಲ್ಲಿ ಸೆಕೆಂಡಿಗೆ 1,411 ಕಿಲೋಬಿಟ್ ಇದ್ರೆ ಇದರಲ್ಲಿ ಸಾಮಾನ್ಯವಾಗಿ ಹೆಚ್ಚೆಂದ್ರೆ 328. 990ರವರೆಗೆ ಹೋಗೋ ಎಲ್‌ಡ್ಯಾಕ್ ಅನ್ನೋ ಇನ್ನೊಂದು ಕೋಡೆಕ್ 2017ರ ಆಂಡ್ರಾಯ್ಡ್ 8ರಿಂದಲೇ ಇದೆ, ನನ್ನ ಫೋನಲ್ಲೂ ಇದೆ, ಆದ್ರೆ ಬೂದಿ ಬಣ್ಣದಲ್ಲಿ ಕೂತಿದೆ. ನೆಕ್‌ಬ್ಯಾಂಡಿಗೆ ಆ ಭಾಷೆ ಬರಲ್ಲ. ಎರಡೂ ಕಡೆ ಇದ್ರೆ ಮಾತ್ರ ಮಾತುಕತೆ. ಮೇಲಿಂದ, ಆ್ಯಪ್‌ನಲ್ಲಿ ಬರೋ ಹಾಡು ಮೊದಲೇ ಒಂದು ಸಲ ಹಿಂಡಿದ್ದು. ಫೋನು ಅದನ್ನ ಬಿಡಿಸಿ, ಗಾಳಿಗೆ ಬಿಡೋಕೆ ಮತ್ತೆ ಹಿಂಡುತ್ತೆ. ಮೂರನೇ ಸಲ ಹಿಂಡಿದ ತೆಂಗಿನಹಾಲಲ್ಲಿ ಪಾಯಸ ಮಾಡಿದ ಹಾಗೆ.

ಹೋಗ್ಲಿ ಬಿಡಿ, 328ಕ್ಕೂ ನಾನು ಗೊಣಗ್ತಿರಲಿಲ್ಲ. ಚೆನ್ನಾಗಿ ಮಾಡಿದ ಹೆಡ್‌ಸೆಟ್ಟಲ್ಲಿ ಅಷ್ಟೂ ಸಾಕಾಗುತ್ತೆ. ನನ್ನ ಸಿಟ್ಟು ಬೇಸ್ ಮೇಲೆ, ಅದೇ ಆ ಗುಂಯ್ ಅನ್ನೋ ದಪ್ಪ ದನಿ ಮೇಲೆ. ಡಬ್ಬಿ ತುಂಬಾ ಬೇಸ್, ಬೇಸ್, ಬೇಸ್! ಸ್ಪೀಕರ್ ಇಷ್ಟು ಮಿಲಿಮೀಟರ್, ಬ್ಯಾಟರಿ ಇಷ್ಟು ಗಂಟೆ ಅಂತ ದಪ್ಪಕ್ಷರ. ಕೋಡೆಕ್ ಹೆಸರು ಮಾತ್ರ ಭೂತಗನ್ನಡಿ ಹಿಡಿದ್ರೂ ಸಿಗಲ್ಲ. ಎಲ್ಲಾ ಹಾಡೂ ಡಿಜೆ ಮೆರವಣಿಗೆ ಅಂತ ಅಂದ್ಕೊಂಡೇ ಟ್ಯೂನ್ ಮಾಡಿರ್ತಾರೆ. ವೀಣೆಯ ಗಮಕ, ತಂಬೂರಿಯ ಜೀವಾಳಿ (ತಂತಿ ಕೆಳಗೆ ಸಿಕ್ಕಿಸೋ ನೂಲು) ಕೊಡೋ ಝೇಂಕಾರ, ಹಾಡುವವರು ಉಸಿರು ಎಳ್ಕೊಳ್ಳೋ ಸದ್ದು, ಇವೆಲ್ಲಾ ಯಾರಿಗೆ ಬೇಕು ಹೇಳಿ. (ಇನ್ನೊಂದು ಮಾತು. ಡಬ್ಬಿಯಲ್ಲಿ ಪುಕ್ಕಟೆ ಬಂದಿದ್ದ ದೊಡ್ಡ ಸೈಜಿನ ರಬ್ಬರ್ ಬುಶ್ ಹಾಕಿದ್ಮೇಲೆ ಬಲಗಿವಿ, ಎಡಗಿವಿ ಎರಡರಲ್ಲೂ ದನಿ ಸಮ ಆಯ್ತು. ಸಡಿಲ ಇದ್ದ ಕಿವಿಯಿಂದ ದನಿ ಸೋರಿಹೋಗ್ತಿತ್ತಂತೆ. 28 ಸಾವಿರ ಮಾಡದ್ದನ್ನ ಆ ರಬ್ಬರ್ ಮಾಡ್ತು.)

ಇನ್ನು ಮೈಕಿನ ಕರ್ಮ. ಆಫೀಸ್ ಲ್ಯಾಪ್‌ಟಾಪಿಗೂ ಇದನ್ನೇ ಜೋಡಿಸಿದ್ದೀನಿ. ಹಾಡು ಕೇಳ್ತಾ ಕೂತಾಗ ಯಾವುದೋ ಮೀಟಿಂಗ್ ಕಿಟಕಿ ತೆರೆದುಕೊಂಡು ಮೈಕ್ ಕೇಳ್ತು ಅಂದ್ರೆ ಮುಗೀತು, ಮನ್ಸೂರರು ಎಸ್‌ಟಿಡಿ ಬೂತಿಂದ ಟ್ರಂಕ್ ಕಾಲ್ ಮಾಡಿದ ಹಾಗೆ ಕೇಳಿಸ್ತಾರೆ. ಹಾಡಿಗೆ ಒಂದು ದಾರಿ, ಮಾತಿಗೆ ಇನ್ನೊಂದು ದಾರಿ, ಮಾಮೂಲಿ ಬ್ಲೂಟೂತ್‌ನಲ್ಲಿ ಎರಡೂ ಒಟ್ಟಿಗೆ ಆಗಲ್ಲ. ಮಾತಿನ ದಾರಿಯಲ್ಲಿ ಸ್ಟೀರಿಯೋ ಇಲ್ಲ, ಮೇಲಿನ ಸ್ವರಗಳ ಮಿನುಗೂ ಇಲ್ಲ. ನಾನು ಮ್ಯೂಟಲ್ಲೇ ಇರ್ತೀನಿ ಕಣ್ರೀ, ಬಾಯೇ ಬಿಡಲ್ಲ! ಆದ್ರೂ ಮೈಕ್ ಬೇಕಂತೆ.

ಸಿಟ್ಟು ನೆತ್ತಿಗೇರಿ ಬೀರು ತಡಕಾಡಿದೆ. ಹಳೇ ವೈರ್ ಇಯರ್‌ಫೋನ್ ಸಿಕ್ತು, ಗಂಟು ಬಿಡಿಸೋಕೇ ಕಾಲು ಗಂಟೆ. ಚುಚ್ಚೋಣ ಅಂದ್ರೆ ಹೊಸ ಫೋನಲ್ಲಿ ತೂತೇ ಇಲ್ಲ. 2016ರಲ್ಲಿ ಐಫೋನ್ 7 ಆ ತೂತು ಮುಚ್ಚಿದಾಗ ಗೇಲಿ ಮಾಡಿದವರೇ ಆಮೇಲೆ ಒಬ್ಬೊಬ್ಬರಾಗಿ ಮುಚ್ಚಿಕೊಂಡ್ರಲ್ಲ. ಸರಿ, ಬೆಂಗಳೂರಿನ ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋಗಿ, ಚಾರ್ಜರ್ ತೂತಿಗೆ ವೈರ್ ಇಯರ್‌ಫೋನ್ ಜೋಡಿಸೋ ಟೈಪ್ ಸಿ ಕನ್ವರ್ಟರ್ ತಂದೆ, 150 ರೂಪಾಯಿ. ಚುಚ್ಚಿದೆ. ಉಸಿರೇ ಇಲ್ಲ. ವಾಪಸ್ ಹೋದ್ರೆ ಅಂಗಡಿಯವನು 'ಸಾರ್, ನಿಮ್ಮ ಫೋನಿಗೆ ಒಳಗೆ ಡ್ಯಾಕ್ ಇರೋ ಕನ್ವರ್ಟರೇ ಆಗಬೇಕು, ಅದು ಸ್ಟಾಕಿಲ್ಲ, ಮುಂದಿನ ವಾರ ಬನ್ನಿ' ಅಂದ. ತಗೊಳ್ಳುವಾಗ ಇದೇ ಬಾಯಿ ಎಲ್ಲಿತ್ತಪ್ಪಾ?

ಸದ್ಯಕ್ಕೆ ರಾತ್ರಿ ಊಟ ಆದ್ಮೇಲೆ ಅಪ್ಪನ ಫೋನ್ ಇಸ್ಕೊಳ್ತೀನಿ. ಅವರದು 9 ಸಾವಿರದ್ದು, ಗಾಜು ಸೀಳಿದೆ, ತೂತಿದೆ. ತಂಬೂರಿ ತಂಬೂರಿ ಹಾಗೇ ಕೇಳುತ್ತೆ. 'ಹೊಸದು ತಗೊಂಡ್ಯಲ್ಲೋ, ಅದಕ್ಕೇನಾಯ್ತು?' ಅಂತ ಅವರು ದಿನಾ ಕೇಳ್ತಾರೆ.