ಗಾಜಿನೊಳಗಿನ ಸ್ಟೂಲು, ಲಾರಿಯ ಮೇಲಿನ ಸ್ಟೂಲು

ಹನೋಯ್ ನಗರದಲ್ಲಿ ಗಾಜಿನೊಳಗಿಟ್ಟು ದರ್ಶನಕ್ಕೆ ಬಿಟ್ಟಿರುವವುಗಳಲ್ಲಿ ಎರಡು ಬಹಳ ಪ್ರಸಿದ್ಧ. ಒಂದು, ಬಾ ದಿನ್ ಚೌಕದ ಸಮಾಧಿಭವನದಲ್ಲಿರುವ, ವಿಯೆಟ್ನಾಂ ಕ್ರಾಂತಿಯ ನಾಯಕ ಹೋ ಚಿ ಮಿನ್ ಅವರ ದೇಹ. ಇನ್ನೊಂದು, ಲೇ ವಾನ್ ಹುವು ಬೀದಿಯ ಸಾಧಾರಣ ಹೋಟೆಲಿನ ಮಹಡಿಯಲ್ಲಿರುವ ಊಟದ ಮೇಜು. ಹೋ ಅಮೆರಿಕಕ್ಕೆ ಎದುರು ನಿಂತವರು. ಮೇಜಿಗೆ ಅಮೆರಿಕದ ಅಧ್ಯಕ್ಷರ ಮೊಣಕೈ ತಾಗಿದೆ. ತನ್ನ ದೇಹವನ್ನು ಸುಡಬೇಕೆಂದು ಹೋ ಉಯಿಲಿನಲ್ಲಿ ಬರೆದಿಟ್ಟಿದ್ದರು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಇನ್ನು ಮೇಜಿನ ಮಾತನ್ನು ಕೇಳುವವರು ಯಾರು?

2016ರ ಮೇ 23ರಂದು ಬರಾಕ್ ಒಬಾಮ ಹನೋಯ್‌ನಲ್ಲಿದ್ದರು. ವಿಯೆಟ್ನಾಂಗೆ ಶಸ್ತ್ರಾಸ್ತ್ರ ಮಾರಬಾರದೆಂದು ಅಮೆರಿಕ ದಶಕಗಳಿಂದ ಹೇರಿದ್ದ ನಿಷೇಧವನ್ನು ಅಂದೇ ತೆಗೆದುಹಾಕಿದರು. ಸಂಜೆ, ಊರೂರು ತಿರುಗಿ ಉಣ್ಣುವುದನ್ನೇ ಕಸುಬು ಮಾಡಿಕೊಂಡಿದ್ದ ಆಂಟನಿ ಬೋರ್ಡೇನ್ ಜೊತೆ ‘ಬುನ್ ಚಾ ಹುವಾಂಗ್ ಲಿಯೆನ್’ ಹೋಟೆಲಿಗೆ ಹೋಗಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತರು. ಬುನ್ ಚಾ ಎಂದರೆ ಹನೋಯ್ ಜನರ ಮಧ್ಯಾಹ್ನದ ಊಟ: ಇದ್ದಿಲ ಮೇಲೆ ಸುಟ್ಟ ಹಂದಿಮಾಂಸದ ತುಂಡುಗಳು, ಅವು ಮುಳುಗುವಷ್ಟು ಹುಳಿಸಿಹಿಯಾದ ಮೀನಿನ ಸಾಸಿನ ತಿಳಿ, ಪಕ್ಕದಲ್ಲಿ ಅಕ್ಕಿ ಶ್ಯಾವಿಗೆ, ಬುಟ್ಟಿ ತುಂಬ ಹಸಿ ಸೊಪ್ಪು. ಜೊತೆಗೆ ತಣ್ಣಗಿನ ಬಿಯರ್. ಒಟ್ಟು ಬಿಲ್ಲು 6 ಡಾಲರ್, ಕೊಟ್ಟವರು ಬೋರ್ಡೇನ್. ಜಗತ್ತು ಮೂರ್ಛೆ ಹೋಯಿತು. ಶಸ್ತ್ರಾಸ್ತ್ರದ ವ್ಯವಹಾರ ಬದಿಗೆ ಸರಿಯಿತು, ಅಧ್ಯಕ್ಷರಿಗೂ ಮಂಡಿ ಮಡಚಲು ಬರುತ್ತದೆ ಎಂಬ ಸುದ್ದಿ ಖಂಡಾಂತರ ಹಬ್ಬಿತು.

ಹೋಟೆಲಿಗೆ ಅಂದಿನಿಂದ ‘ಬುನ್ ಚಾ ಒಬಾಮ’ ಎಂದೇ ಹೆಸರು. ಪಟ್ಟಿಯಲ್ಲಿ ‘ಕಾಂಬೊ ಒಬಾಮ’ ಬಂತು. 2018ರ ಹೊತ್ತಿಗೆ ಆ ಮೇಜು, ಸ್ಟೂಲುಗಳು, ತಟ್ಟೆ, ಬಟ್ಟಲು, ಬಿಯರ್ ಬಾಟಲಿಗಳು ಗಾಜಿನ ಗೂಡು ಸೇರಿದವು. ಅದನ್ನು ಕಂಡ ಬೋರ್ಡೇನ್, ಇದಕ್ಕೆ ಏನೆನ್ನಬೇಕೋ ತಿಳಿಯುತ್ತಿಲ್ಲ ಎಂಬರ್ಥದ ಒಂದು ಸಾಲು ಬರೆದು ಸುಮ್ಮನಾದರು. ಪ್ರವಾಸಿಗಳು ಸುಮ್ಮನಾಗಲಿಲ್ಲ. ಗಾಜಿನ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುವವರಲ್ಲಿ ನಮ್ಮ ಕನ್ನಡಿಗರೂ ಇದ್ದಾರೆ. ಬಟ್ಟಲಿನಲ್ಲಿರುವುದು ಯಾವ ಮಾಂಸ ಎಂದು ತಿಳಿದ ಮೇಲೆ ಕೆಲವರ ಭಕ್ತಿ ಫೋಟೊಗೇ ಮುಗಿಯುತ್ತದೆ, ಅಷ್ಟೆ. ನಗುವ ಅಧಿಕಾರ ನಮಗೆ ಅಷ್ಟಾಗಿ ಇಲ್ಲ ಬಿಡಿ. ಉಂಡೆದ್ದವರ ಎಂಜಲೆಲೆಯ ಮೇಲೆ ಉರುಳಿ, ಅದು ಸರಿಯೋ ತಪ್ಪೋ ಎಂದು ಸುಪ್ರೀಂ ಕೋರ್ಟಿನವರೆಗೂ ಹೋದ ನಾಡು ನಮ್ಮದು.

ಹೋಟೆಲಿನವರನ್ನು ನಾನು ದೂರುವುದಿಲ್ಲ. ಇಡೀ ಪ್ರಸಂಗದಲ್ಲಿ ಲೆಕ್ಕ ಸರಿಯಾಗಿ ಬಂದದ್ದು ಅವರೊಬ್ಬರಿಗೇ. 2000ದಲ್ಲಿ ಬಿಲ್ ಕ್ಲಿಂಟನ್ ಹೋ ಚಿ ಮಿನ್ ನಗರದ ಬೆನ್ ಥಾನ್ ಮಾರುಕಟ್ಟೆಯ ಬಳಿ ಫೋ, ಅಂದರೆ ಅಕ್ಕಿ ಶ್ಯಾವಿಗೆಯ ಸಾರು, ಕುಡಿದು ಹೋದ ಮೇಲೆ ಆ ಅಂಗಡಿಯೂ ‘ಅಧ್ಯಕ್ಷರ ಫೋ’ ಎಂದು ಬೋರ್ಡು ಹಾಕಿಕೊಂಡಿತು. ಅಧ್ಯಕ್ಷರು ಯಾವುದೋ ಒಂದು ಹೊತ್ತು ಉಂಡು ಹೋಗುತ್ತಾರೆ, ಅಂಗಡಿಯವರು ಅದನ್ನು ವರ್ಷಗಟ್ಟಲೆ ಬಡಿಸುತ್ತಾರೆ. ನ್ಯಾಯವಾದ ವ್ಯಾಪಾರ.

ನನ್ನ ತಕರಾರು ಅದೇ ಕುಲದ ಇನ್ನೊಂದು ಸ್ಟೂಲಿನ ಬಗ್ಗೆ. ಒಬಾಮ ಉಂಡು ಹೋಗಿ ವರ್ಷ ತುಂಬುವ ಮೊದಲೇ, 2017ರ ಆರಂಭದಲ್ಲಿ, ಹನೋಯ್ ಮತ್ತು ಹೋ ಚಿ ಮಿನ್ ನಗರಗಳೆರಡರಲ್ಲೂ ಫುಟ್‌ಪಾತ್ ತೆರವಿನ ಭಾರೀ ಕಾರ್ಯಾಚರಣೆ ನಡೆಯಿತು. ಬೀದಿಬದಿಯ ಫೋ, ಬುನ್ ಚಾ, ಕಾಫಿ ಅಂಗಡಿಗಳ ಮೇಜು, ಸ್ಟೂಲುಗಳನ್ನು ಎತ್ತಿ ಲಾರಿಗೆ ಎಸೆದರು. ಫುಟ್‌ಪಾತಿಗೆ ಚಾಚಿಕೊಂಡಿದ್ದ ಮನೆ ಮೆಟ್ಟಿಲುಗಳನ್ನೂ ಒಡೆದರು. ಹೋ ಚಿ ಮಿನ್ ನಗರದ ಒಂದನೇ ಜಿಲ್ಲೆಯ ಉಪಾಧ್ಯಕ್ಷರು ಜಿಲ್ಲೆಯನ್ನು ‘ಪುಟ್ಟ ಸಿಂಗಪುರ’ ಮಾಡುವುದಾಗಿ, ಆಗದಿದ್ದರೆ ಹುದ್ದೆ ಬಿಡುವುದಾಗಿ ಸಾರಿದರು. 2018ರ ಜನವರಿಯಲ್ಲಿ ರಾಜೀನಾಮೆ ಪತ್ರವನ್ನೂ ಕೊಟ್ಟರು. ಸಿಂಗಪುರವಾದರೋ ತನ್ನ ಬೀದಿ ಅಡುಗೆಯವರಿಗೆ ಸೂರು, ನಲ್ಲಿ, ಚರಂಡಿ ಕೊಟ್ಟು ಕೂರಿಸಿತು. 2020ರಲ್ಲಿ ಅವರ ಕಸುಬು ಯುನೆಸ್ಕೊ ಪಟ್ಟಿಯನ್ನೂ ಸೇರಿತು. ಪುಟ್ಟ ಸಿಂಗಪುರದ ನಕಾಶೆ ಮಾಡುವಾಗ ದೊಡ್ಡ ಸಿಂಗಪುರದ ಆ ಪುಟ ಯಾರ ಕೈಗೂ ಸಿಕ್ಕಿರಲಿಲ್ಲವೇನೋ.

ಫುಟ್‌ಪಾತಿನಲ್ಲಿ ನಡೆಯುವವನಿಗೂ ಜಾಗ ಬೇಕು, ಒಪ್ಪುತ್ತೇನೆ. ಹನೋಯ್‌ನ ಹಳೆಯ ಬೀದಿಗಳಲ್ಲಿ ಊಟದ ಮೇಜು, ನಿಲ್ಲಿಸಿದ ಮೋಟರ್‌ಸೈಕಲ್ಲುಗಳ ನಡುವೆ ನುಸುಳಲಾಗದೆ ಜನ ರಸ್ತೆಗೇ ಇಳಿದು ನಡೆಯುತ್ತಾರೆ. ಆದರೆ ಸ್ಟೂಲು ಅಷ್ಟು ಗಿಡ್ಡವಾಗಿ, ಹಗುರವಾಗಿ, ಒಂದರೊಳಗೊಂದು ಕೂರುವಂತೆ ಇರುವುದರಿಂದ ಒಂದು ಅನುಕೂಲವಿದೆ: ಪೊಲೀಸರು ಬೀದಿಯ ತುದಿಯಲ್ಲಿ ಕಂಡೊಡನೆ ಎಲ್ಲವನ್ನೂ ಬಾಚಿಕೊಂಡು ಒಳಗೆ ಓಡಬಹುದು. ಅಧ್ಯಕ್ಷರು ಕುಳಿತಾಗ ಜಗತ್ತು ‘ಎಂಥ ಸರಳತೆ’ ಎಂದು ಕೊಂಡಾಡಿದ್ದು ಈ ಗಿಡ್ಡತನವನ್ನೇ. ಅದೇ ಗಿಡ್ಡ ಸ್ಟೂಲಿನ ಮೇಲೆ ಗುಮಾಸ್ತ ಕುಳಿತರೆ ಅತಿಕ್ರಮಣ. ಅವನೂ ಅದೇ ಬುನ್ ಚಾ ತಿನ್ನುತ್ತಾನೆ. ಅವನ ಬಿಲ್ಲನ್ನು ಕೊಡಲು ಮಾತ್ರ ಬೋರ್ಡೇನ್ ಬರುವುದಿಲ್ಲ.

ಹೀಗಾಗಿ ವಿಯೆಟ್ನಾಂ ಸರ್ಕಾರಕ್ಕೆ ನನ್ನದೊಂದು ವಿನಮ್ರ ಸಲಹೆ. ಮುಂದೆ ಯಾವ ದೇಶದ ಅಧ್ಯಕ್ಷರೇ ಬರಲಿ, ಅವರನ್ನು ಹೋಟೆಲಿನ ಒಳಗೆ ಕೂರಿಸಬೇಡಿ. ಬೀದಿಬೀದಿಗೂ ಕರೆದೊಯ್ದು ಫುಟ್‌ಪಾತಿನ ಪ್ರತಿ ಸ್ಟೂಲಿನ ಮೇಲೂ ಅರೆನಿಮಿಷ ಕೂರಿಸಿ ಎಬ್ಬಿಸಿ. ಹೇಗೂ ಬೆಂಗಾವಲಿನವರಿಗಾಗಿ ರಸ್ತೆ ಖಾಲಿ ಮಾಡಿಸಿರುತ್ತೀರಿ. ಆಮೇಲೆ ತೆರವಿಗೆ ಬರುವ ಲಾರಿಯಲ್ಲಿ ಪೊಲೀಸರ ಜೊತೆ ಒಬ್ಬ ಗಾಜು ಕೂರಿಸುವವನನ್ನೂ ಕರೆತರಬೇಕಾಗುತ್ತದೆ. ಯಾವುದನ್ನು ಎಸೆಯಬೇಕು, ಯಾವುದಕ್ಕೆ ಗಾಜು ಹಾಕಬೇಕು ಎಂದು ಅವರವರೇ ಫುಟ್‌ಪಾತಿನ ಮೇಲೆ ನಿಂತು ಜಗಳವಾಡಿಕೊಳ್ಳಲಿ. ಜಗಳ ಮುಗಿಯುವಷ್ಟರಲ್ಲಿ ಮಧ್ಯಾಹ್ನದ ಊಟದ ವ್ಯಾಪಾರ ಮುಗಿದಿರುತ್ತದೆ.